ಗ್ರಿಲ್ ತಗೊಳ್ಳೋದಾ, ಸ್ಮೋಕರ್ ತಗೊಳ್ಳೋದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಾರ್ಬೆಕ್ಯೂ ಒಲೆ ಕೊಳ್ಳೋದರ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಅಲ್ಲಿ ಹೇಳೋದು ಜಾಸ್ತಿ ಇತ್ತು.

ಪ್ರಶ್ನೆ: ಮೊದಲ ಸಲ ಗ್ರಿಲ್ ಕೊಳ್ಳಬೇಕು ಅಂತಿದ್ದೇವೆ. ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ ಎರಡು ಮೂರು ಸಲ ಹಿತ್ತಲಲ್ಲಿ ಮಾಡಿಕೊಂಡು ತಿನ್ನೋ ಆಸೆ. ಅಂಗಡಿಯಲ್ಲಿ ಇದ್ದಿಲಿನದು, ಗ್ಯಾಸಿನದು, ಮರದ ಪುಡಿಯ ಗುಳಿಗೆ ಉರಿಸೋ ಪೆಲೆಟ್‌ದು, ಕರೆಂಟಿನದು ಅಂತ ಸಾಲಾಗಿ ನಿಲ್ಲಿಸಿದ್ದಾರೆ. ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಯಾವುದು ತಗೊಳ್ಳೋಣ?

ಉತ್ತರ: ಮೊದಲು ಗ್ರಿಲ್ ಬೇರೆ, ಸ್ಮೋಕರ್ ಬೇರೆ ಅನ್ನೋದು ಗೊತ್ತಿರಲಿ. ಗ್ರಿಲ್‌ನಲ್ಲಿ ಸಾಮಾನ್ಯವಾಗಿ ಕೆಂಡದ ನೇರಕ್ಕೆ ಇಟ್ಟು, 200 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವಿನಲ್ಲಿ ಸುಡುತ್ತೇವೆ. ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಕೆಲಸ ಮುಗಿಯುತ್ತದೆ. ಸ್ಮೋಕರ್‌ನಲ್ಲಿ ಬೆಂಕಿ ಒಂದು ಕಡೆ, ಅಡುಗೆ ಇನ್ನೊಂದು ಕಡೆ. ಅಲ್ಲಿ 105ರಿಂದ 135 ಡಿಗ್ರಿ ಒಳಗೆ, ಬಿಸಿ ಹೊಗೆಯಲ್ಲಿ, ಕೆಲವು ಸಲ ಹತ್ತು ಹನ್ನೆರಡು ಗಂಟೆ ಹೊತ್ತು ನಿಧಾನವಾಗಿ ಬೇಯುತ್ತಾ ಇರುತ್ತದೆ. ಮೀನು, ತರಕಾರಿ, ಜೋಳದ ತೆನೆ, ತೆಳುವಾದ ಮಾಂಸದ ತುಂಡು ಇವೆಲ್ಲ ಗ್ರಿಲ್‌ಗೆ ಸರಿ. ನಾರು ಜಾಸ್ತಿ ಇರೋ ದಪ್ಪನೆಯ ಗಟ್ಟಿ ಮಾಂಸ ಮೆತ್ತಗಾಗಬೇಕು ಅಂದರೆ ಸ್ಮೋಕರ್ ಬೇಕು. ನೀವು ಯಾವುದನ್ನು ಜಾಸ್ತಿ ತಿನ್ನುತ್ತೀರಿ ಅಂತ ಮನೆಯವರೆಲ್ಲ ಕೂತು ಮಾತಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇನ್ನು ನನ್ನ ಸಲಹೆ. ಮುಚ್ಚಳ ಇರೋ, ಮೇಲೊಂದು ಕೆಳಗೊಂದು ಗಾಳಿಕಿಂಡಿ ಇರೋ, 22 ಇಂಚು ಅಗಲದ ಇದ್ದಿಲಿನ ಕೆಟಲ್ ಗ್ರಿಲ್ ತಗೊಳ್ಳಿ. ನಿಮ್ಮಂಥ ಮನೆಗೆ ಅದಕ್ಕಿಂತ ಒಳ್ಳೆ ಶುರು ಇಲ್ಲ. ಕಾರಣ ಹೇಳುತ್ತೇನೆ. ಕೆಂಡಕ್ಕೆ ಊಟ ಅಂದರೆ ಗಾಳಿ. ಕೆಳಗಿನ ಕಿಂಡಿ ಪೂರ್ತಿ ತೆಗೆದರೆ ನಿಗಿನಿಗಿ ಉರಿಯುತ್ತದೆ, ಅರ್ಧ ಮುಚ್ಚಿದರೆ ಸಣ್ಣಗಾಗುತ್ತದೆ, ಎರಡೂ ಕಿಂಡಿ ಮುಚ್ಚಿಬಿಟ್ಟರೆ ನಿಧಾನವಾಗಿ ಆರಿಹೋಗುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಮುಚ್ಚಳ ಇಲ್ಲದ ತೆರೆದ ತಟ್ಟೆಯಂಥ ಗ್ರಿಲ್‌ನಲ್ಲಿ ಈ ಹಿಡಿತ ಸಿಗೋದೇ ಇಲ್ಲ. ಗಾಳಿ ಬಂದಾಗ ಉರಿ ಏಳುತ್ತದೆ, ನಿಂತಾಗ ಸಾಯುತ್ತದೆ, ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. 1952ರಲ್ಲಿ ಅಮೆರಿಕದ ಷಿಕಾಗೊ ಕಡೆ ವೆಬರ್ ಬ್ರದರ್ಸ್ ಅನ್ನೋ ಲೋಹದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬುವರು ಇದೇ ಕಷ್ಟ ಪಟ್ಟು, ಅಲ್ಲಿ ತಯಾರಾಗುತ್ತಿದ್ದ, ನೀರಿನ ಮೇಲೆ ತೇಲಿಬಿಡೋ ಲೋಹದ ಗುಂಡನ್ನು ಅರ್ಧಕ್ಕೆ ಕತ್ತರಿಸಿ, ಕೆಳಗಿನರ್ಧಕ್ಕೆ ಮೂರು ಕಾಲು ಕೂರಿಸಿ, ಮೇಲಿನರ್ಧವನ್ನು ಮುಚ್ಚಳ ಮಾಡಿದರು. ಕೆಟಲ್ ಗ್ರಿಲ್ ಹುಟ್ಟಿದ್ದು ಹಾಗೆ. ಎಪ್ಪತ್ತು ವರ್ಷ ದಾಟಿದರೂ ಆ ಆಕಾರ ಹೆಚ್ಚು ಬದಲಾಗಿಲ್ಲ, ಬದಲಾಗೋ ಅಗತ್ಯವೂ ಬಂದಿಲ್ಲ.

18 ಇಂಚಿನದು ಸಾಕಲ್ವಾ ಅಂತ ಅನಿಸಬಹುದು. ಸುಡೋದಕ್ಕೆ ಸಾಕು. ಆದರೆ ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ, ಇನ್ನೊಂದು ಪಕ್ಕದಲ್ಲಿ ಒಂದು ಇಡೀ ಕೋಳಿ ಇಡೋಣ ಅಂದರೆ ಜಾಗ ಸಾಲೋದಿಲ್ಲ. ಈ ಎರಡು ಭಾಗದ ಬೆಂಕಿಯೇ ಗ್ರಿಲ್ ಅಡುಗೆಯ ಜೀವ. ಒಂದು ಕಡೆ ಜೋರು ಕಾವು, ಇನ್ನೊಂದು ಕಡೆ ಮೆಲ್ಲನೆ ಕಾವು. ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿ ಉರಿ ಭಗ್ಗೆಂದಾಗ ತುಂಡುಗಳನ್ನು ಸರಿಸೋದಕ್ಕೆ ಒಂದು ಜಾಗ ಬೇಕು.

ಒಂದು ಮಾತು ಬಾಕಿ ಇದೆ. ನೀವು ತಿಂಗಳಿಗೆ ಎರಡು ಮೂರು ಸಲ ಅಂದಿರಿ, ಅದಕ್ಕೇ ಇದ್ದಿಲು ಅಂದೆ. ವಾರಕ್ಕೆ ಮೂರು ನಾಲ್ಕು ದಿನ, ಕೆಲಸ ಮುಗಿಸಿ ಬಂದು ಅರ್ಧ ಗಂಟೆಯಲ್ಲಿ ಊಟಕ್ಕೆ ಕೂರಬೇಕು ಅನ್ನೋರಿಗೆ ನಾನು ಗ್ಯಾಸ್ ಅಂತಲೇ ಹೇಳುತ್ತೇನೆ. ಇದ್ದಿಲು ಹೊತ್ತಿಸಿ ಮೇಲೆ ಬೂದಿ ಹಿಡಿಯೋಕೆ 15ರಿಂದ 20 ನಿಮಿಷ ಬೇಕೇ ಬೇಕು. ಅಷ್ಟು ಪುರುಸೊತ್ತು ಇಲ್ಲದವರ ಮನೆಯಲ್ಲಿ ಇದ್ದಿಲಿನ ಗ್ರಿಲ್ ಮೂಲೆ ಸೇರುತ್ತದೆ.

ಪ್ರಶ್ನೆ: ಗ್ಯಾಸ್ ಗ್ರಿಲ್ ನೋಡುತ್ತಿದ್ದೇನೆ. ಒಂದರಲ್ಲಿ 30,000 ಬಿಟಿಯು, ಇನ್ನೊಂದರಲ್ಲಿ 45,000 ಅಂತ ಬರೆದಿದೆ. ಜಾಸ್ತಿ ಇರೋದೇ ಒಳ್ಳೆಯದಾ?

ಉತ್ತರ: ಹಾಗೇನಿಲ್ಲ. ಬಿಟಿಯು ಅಂದರೆ ಎಲ್ಲ ಬರ್ನರ್ ಪೂರ್ತಿ ಉರಿಸಿದಾಗ ಗಂಟೆಗೆ ಸುಡೋ ಗ್ಯಾಸಿನಿಂದ ಎಷ್ಟು ಕಾವು ಬರುತ್ತದೆ ಅನ್ನೋದರ ಲೆಕ್ಕ. ಆ ಕಾವು ಎಷ್ಟು ಜಾಗಕ್ಕೆ ಹಂಚಿಹೋಗುತ್ತದೆ ಅಂತಲೂ ನೋಡಬೇಕು. 300 ಚದರ ಇಂಚಿನ ಜಾಲರಿಗೆ 30,000 ಅಂದರೆ ಇಂಚಿಗೆ 100 ಬಂತು. 600 ಚದರ ಇಂಚಿಗೆ 45,000 ಅಂದರೆ ಇಂಚಿಗೆ 75 ಮಾತ್ರ. ದೊಡ್ಡ ಸಂಖ್ಯೆಯ ಗ್ರಿಲ್ಲೇ ಇಲ್ಲಿ ಸಪ್ಪೆ. 80ರಿಂದ 100ರ ಒಳಗೆ ಬಂದರೆ ಸಾಕು. ಅದೂ ಮುಚ್ಚಳ ಬಿಗಿಯಾಗಿ ಕೂತು ಕಾವನ್ನು ಹಿಡಿದಿಟ್ಟರೆ ಮಾತ್ರ ಆ ಲೆಕ್ಕಕ್ಕೆ ಬೆಲೆ.

ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಅಂತ ಹೊಳೆಯೋದೆಲ್ಲ ಒಂದೇ ಅಲ್ಲ. 304 ಅನ್ನೋ ಜಾತಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟೋದಿಲ್ಲ, 430ಕ್ಕೆ ಗಟ್ಟಿಯಾಗಿ ಅಂಟುತ್ತದೆ. 430 ಬೇಗ ತುಕ್ಕು ಹಿಡಿಯುತ್ತದೆ. ಹೊರಗಿನ ಬಾಗಿಲು, ಪಕ್ಕದ ಕಪಾಟು 430 ಆದರೆ ಪರವಾಗಿಲ್ಲ. ಒಳಗಿನ ಬರ್ನರ್ ಕೊಳವೆ ಮತ್ತು ಜಾಲರಿ ಚೆನ್ನಾಗಿರಲಿ, ಮೊದಲು ಕೆಡೋದು ಅವೇ. ಬರ್ನರ್ ಬಿಡಿಯಾಗಿ ಸಿಗುತ್ತದಾ ಅಂತಲೂ ಕೇಳಿ. ಸಿಗೋದಿಲ್ಲ ಅಂದರೆ ಅದು ಕೆಟ್ಟ ದಿನ ಇಡೀ ಗ್ರಿಲ್ ಗುಜರಿಗೆ ಹೋಗುತ್ತದೆ.

ಮನೆಗೆ ತಂದು ಜೋಡಿಸಿದ ಮೇಲೆ, ಹೊತ್ತಿಸೋ ಮುಂಚೆ, ಕೊಳವೆಯ ಸಂದುಗಳಿಗೆಲ್ಲ ಸೋಪಿನ ನೀರು ಹಚ್ಚಿ ಸಿಲಿಂಡರಿನ ವಾಲ್ವ್ ತಿರುಗಿಸಿ ನೋಡಿ. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಅಂತ ಅರ್ಥ. ತಕ್ಷಣ ಮುಚ್ಚಿ, ಸರಿಮಾಡಿಸದೆ ಹೊತ್ತಿಸಬೇಡಿ. ಎಷ್ಟೋ ದಿನ ಬಳಸದೆ ಇಟ್ಟಿದ್ದ ಗ್ರಿಲ್‌ನಲ್ಲಿ ಉರಿ ಹಳದಿಯಾಗಿ ಮಂಕಾಗಿ ಬಂದರೆ ಕೊಳವೆಯೊಳಗೆ ಜೇಡ ಗೂಡು ಕಟ್ಟಿರಬಹುದು. ಇದು ನಿಜವಾಗಿಯೂ ಆಗುತ್ತದೆ. ಕೊಳವೆ ಬಿಚ್ಚಿ ಬ್ರಷ್ ಹಾಕಿ ತೆಗೆದರೆ ಸರಿಹೋಗುತ್ತದೆ.

ಪ್ರಶ್ನೆ: ನಮ್ಮದು ಕಮ್ಮಿ ದುಡ್ಡಿನ ಆಫ್‌ಸೆಟ್ ಸ್ಮೋಕರ್, ಪಕ್ಕದಲ್ಲಿ ಬೆಂಕಿ ಪೆಟ್ಟಿಗೆ ಇರೋದು. ಏನು ಮಾಡಿದರೂ ಮಾಂಸ ಕಹಿ ಬರುತ್ತದೆ, ನಾಲಿಗೆ ಜೋಮು ಹಿಡಿದ ಹಾಗಾಗುತ್ತದೆ. ಇದನ್ನು ಮಾರಿ ದೊಡ್ಡದು ತಗೊಳ್ಳೋದು ಒಳ್ಳೆಯದಾ?

ಉತ್ತರ: ಈಗಲೇ ಮಾರಬೇಡಿ. ಕಹಿ ಬರ್ತಿರೋದು ಹೊಗೆಯಿಂದ. ಮುಂದಿನ ಸಲ ಹೊತ್ತಿಸಿದಾಗ ಹೊಗೆಕೊಳವೆಯ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತುಕೊಳ್ಳಿ. ಹತ್ತಿ ಹಿಂಜಿ ತುರುಕಿದ ಹಾಗೆ ದಪ್ಪಗೆ, ಬೆಳ್ಳಗೆ, ಉರುಳುತ್ತಾ ಬರುತ್ತಿದೆಯಾ? ಅದು ಕೆಟ್ಟ ಹೊಗೆ. ಸೌದೆ ಉರಿಯುತ್ತಿಲ್ಲ, ಸುಮ್ನೆ ಕಮರುತ್ತಿದೆ. ಒಳ್ಳೆ ಹೊಗೆ ಕಣ್ಣಿಗೆ ಕಾಣೋದೇ ಕಷ್ಟ. ಹಿಂದೆ ಮರವೋ ಗೋಡೆಯೋ ಇದ್ದರೆ ತೆಳುವಾದ ನೀಲಿ ಎಳೆ ನಡುಗಿದ ಹಾಗೆ ಕಾಣುತ್ತದೆ, ಮೂಗಿಗೆ ಹಿತವಾದ ವಾಸನೆ ಬರುತ್ತದೆ, ಕಣ್ಣು ಉರಿಯೋದಿಲ್ಲ. ದಪ್ಪ ಬಿಳಿ ಹೊಗೆಯಲ್ಲಿ ಅರ್ಧಂಬರ್ಧ ಸುಟ್ಟ ಟಾರಿನಂಥ ಜಿಡ್ಡು ಇರುತ್ತದೆ, ಕ್ರಿಯೋಸೋಟ್ ಅಂತಾರೆ. ಅದೇ ಹೋಗಿ ಮಾಂಸದ ಮೇಲೆ ಕೂರುತ್ತದೆ. ನಿಮ್ಮ ನಾಲಿಗೆ ಜೋಮು ಹಿಡಿಯೋದು ಅದರಿಂದಲೇ.

ತುಂಬಾ ಜನ ಮಾಡೋ ತಪ್ಪು ಏನಂದರೆ, ಕಾವು ಜಾಸ್ತಿಯಾಯಿತು ಅಂತ ದೊಡ್ಡ ಬೆಂಕಿಯನ್ನು ಕಿಂಡಿ ಮುಚ್ಚಿ ಉಸಿರು ಕಟ್ಟಿಸೋದು. ಅದರ ಬದಲು ಬೆಂಕಿಯನ್ನೇ ಚಿಕ್ಕದಾಗಿ ಕಟ್ಟಿ, ಹೊಗೆಕೊಳವೆ ಪೂರ್ತಿ ತೆರೆದಿಟ್ಟು, ಮುಕ್ಕಾಲು ಗಂಟೆಗೊಮ್ಮೆ ಒಂದೊಂದು ಒಣ ಸೌದೆ ಹಾಕುತ್ತಾ ಬನ್ನಿ. ಹಾಕೋ ಸೌದೆಯನ್ನು ಮೊದಲೇ ಬೆಂಕಿ ಪೆಟ್ಟಿಗೆ ಮೇಲಿಟ್ಟು ಬಿಸಿ ಮಾಡಿಕೊಂಡರೆ ಹಾಕಿದ ತಕ್ಷಣ ಹೊತ್ತಿಕೊಳ್ಳುತ್ತದೆ. ಸೌದೆ ನೆನೆಸಬೇಡಿ. ನೀರು ಮರದೊಳಗೆ ಹೆಚ್ಚು ಇಳಿಯೋದೇ ಇಲ್ಲ, ಮೇಲಿನ ಒದ್ದೆ ಆವಿಯಾಗಿ ಹೋಗೋ ತನಕ ಬೆಂಕಿ ತಣ್ಣಗಾಗುತ್ತದೆ, ಅಷ್ಟೇ ಲಾಭ. ಪೈನ್‌ನಂಥ ಅಂಟು ಬರೋ ಮರ ಬೇಡ, ಬಣ್ಣ ಹಚ್ಚಿದ ಹಲಗೆ, ಔಷಧಿ ಹಾಕಿದ ಮರ ಯಾವ ಕಾರಣಕ್ಕೂ ಬೇಡ. ಓಕ್, ಹಿಕರಿ, ಸೇಬಿನಂಥ ಹಣ್ಣಿನ ಮರಗಳು ಒಳ್ಳೆಯವು.

ಹಾಗಂತ ನಿಮ್ಮ ಸ್ಮೋಕರ್‌ನಲ್ಲಿ ತಪ್ಪೇ ಇಲ್ಲ ಅಂತಲ್ಲ. ನನ್ನ ಮೊದಲ ಆಫ್‌ಸೆಟ್ ಕೂಡ ಇದೇ ತರಹ ತೆಳು ತಗಡಿನದು. ಮುಚ್ಚಳ ಹಾಕಿದರೆ ಒಂದು ಮೂಲೆಯಲ್ಲಿ ಕಿರುಬೆರಳು ತೂರೋಷ್ಟು ಸಂದು. ಹೊಗೆಯೆಲ್ಲ ಅಲ್ಲಿಂದಲೇ ಆಚೆ, ಕೊಳವೆ ಬಾಯಲ್ಲಿ ಏನೂ ಇಲ್ಲ. ಒಂದು ದಿನ ಬೆಳಗಿನ ಜಾವ ಎದ್ದು ಹೊತ್ತಿಸಿ, ಮುಳ್ಳು 120ಕ್ಕೆ ಬಂತು ಅಂತ ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ 90ಕ್ಕೆ ಇಳಿದಿತ್ತು. ಗಾಳಿ ಬೀಸಿದ್ದು, ಅಷ್ಟೇ. ಒಲೆ ಬಾಗಿಲಿಗೆ ಹಾಕೋ, ಬೆಂಕಿ ತಡೆಯೋ ಹಗ್ಗದಂಥ ಪಟ್ಟಿ ಸಿಗುತ್ತದೆ. ಅದನ್ನು ಮುಚ್ಚಳದ ಅಂಚಿಗೆ ಸುತ್ತಲೂ ಅಂಟಿಸಿದೆ, ಬೆಂಕಿ ಪೆಟ್ಟಿಗೆ ಸೇರೋ ಕಡೆ ಬಿಸಿ ತಡೆಯೋ ಸಿಲಿಕೋನ್ ತುಂಬಿದೆ. ಆಮೇಲೆ ಅದೇ ಸ್ಮೋಕರ್‌ನಲ್ಲಿ ಮೂರು ವರ್ಷ ಅಡುಗೆ ಮಾಡಿದೆ. ನೀವೂ ಮೊದಲು ಇದನ್ನು ಮಾಡಿ ನೋಡಿ.

ಅದಾದ ಮೇಲೂ ದೊಡ್ಡದು ಬೇಕು ಅನಿಸಿದರೆ ಉದ್ದಗಲಕ್ಕಿಂತ ದಪ್ಪಕ್ಕೆ ದುಡ್ಡು ಕೊಡಿ. ಕಾಲು ಇಂಚು, ಅಂದರೆ 6 ಮಿಲಿಮೀಟರ್ ದಪ್ಪದ ಉಕ್ಕಿನ ಸ್ಮೋಕರ್ ಒಮ್ಮೆ ಕಾದರೆ ಗಾಳಿಗೂ ಮಳೆಹನಿಗೂ ಬೇಗ ಜಗ್ಗೋದಿಲ್ಲ. ಒಬ್ಬರೇ ಎತ್ತಿ ಸರಿಸೋಕೆ ಆಗೋ ಆಫ್‌ಸೆಟ್ ಆದರೆ ಕಾವು ಹಿಡಿಯೋಷ್ಟು ಉಕ್ಕು ಅದರಲ್ಲಿಲ್ಲ ಅಂತ ತಿಳಿದುಕೊಳ್ಳಿ.

ಪ್ರಶ್ನೆ: ದೊಡ್ಡ ಮಾಂಸದ ತುಂಡು ಇಟ್ಟಿದ್ದೆ. ಒಳಗಿನ ಬಿಸಿ 68 ಡಿಗ್ರಿವರೆಗೆ ಚೆನ್ನಾಗಿ ಏರಿತು, ಆಮೇಲೆ ಮೂರು ಗಂಟೆ ಅಲ್ಲೇ ನಿಂತುಬಿಟ್ಟಿತು. ಸ್ಮೋಕರ್‌ಗೆ ಶಕ್ತಿ ಸಾಲದಾ? ಹೊಸದು ತಗೊಳ್ಳಬೇಕಾ?

ಉತ್ತರ: ಖಂಡಿತ ಬೇಡ. ನಿಮ್ಮ ಸ್ಮೋಕರ್ ಸರಿಯಾಗಿಯೇ ಇದೆ. 65ರಿಂದ 75 ಡಿಗ್ರಿ ನಡುವೆ ಎಲ್ಲರಿಗೂ ಹೀಗೆ ನಿಲ್ಲುತ್ತದೆ. ಮಾಂಸದ ಮೇಲಿನ ನೀರಿನಂಶ ಆವಿಯಾಗುತ್ತಾ ಇರುತ್ತದೆ, ಆವಿ ಹೋಗುವಾಗ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಬೆವರಿದ ಮೈಗೆ ಗಾಳಿ ತಾಗಿದರೆ ತಂಪಾಗೋದಿಲ್ವಾ, ಅದೇ ಕಥೆ. ಮೇಲ್ಮೈ ಒಣಗಿದ ಮೇಲೆ ಮತ್ತೆ ಏರುತ್ತದೆ. ಕಾಯೋಕೆ ಆಗಲ್ಲ ಅಂದರೆ ಫಾಯಿಲ್‌ನಲ್ಲೋ ಮೇಣ ಹಚ್ಚದ ದಪ್ಪ ಕಾಗದದಲ್ಲೋ ಬಿಗಿಯಾಗಿ ಸುತ್ತಿ ಮತ್ತೆ ಇಡಿ. ಹಂದಿಯ ಭುಜ, ದನದ ಎದೆ ಭಾಗದಂಥವು ಒಳಗೆ 90ರಿಂದ 96 ಡಿಗ್ರಿ ತಲುಪಿದಾಗಲೇ ಗಟ್ಟಿ ನಾರೆಲ್ಲ ಕರಗಿ ಬೆಣ್ಣೆ ಹಾಗೆ ಆಗೋದು. ಈ ಒಂದು ವಿಷಯ ಗೊತ್ತಿಲ್ಲದೆ ಒಳ್ಳೊಳ್ಳೆ ಸ್ಮೋಕರ್‌ಗಳನ್ನು ಮಾರಿದವರಿದ್ದಾರೆ, ಅದಕ್ಕೇ ನಿಮ್ಮ ಪತ್ರ ನೋಡಿ ಸಮಾಧಾನವಾಯಿತು. ಮಾರೋ ಮುಂಚೆ ಕೇಳಿದಿರಿ.

ಪ್ರಶ್ನೆ: ಕೆಟಲ್ ಗ್ರಿಲ್ ಇದೆ. ಸ್ಮೋಕಿಂಗ್ ಕಲಿಯಬೇಕು ಅಂತ ಆಸೆ. ಬೇರೆ ಸ್ಮೋಕರ್ ಬೇಕೇಬೇಕಾ?

ಉತ್ತರ: ಬೇಡ, ಮೊದಲ ವರ್ಷ ಇರೋದರಲ್ಲೇ ಕಲಿಯಿರಿ. ಬ್ರಿಕೆಟ್ ಇದ್ದಿಲನ್ನು, ಅಂದರೆ ಇದ್ದಿಲ ಪುಡಿ ಒತ್ತಿ ಒಂದೇ ಅಳತೆಗೆ ಮಾಡಿದ ಉಂಡೆಗಳನ್ನು, ಗ್ರಿಲ್‌ನ ಒಳ ಅಂಚಿಗೆ ಒರಗಿಸಿ, ಎರಡು ಸಾಲು ಕೆಳಗೆ, ಮೇಲೊಂದು ಸಾಲು, ಹಾವು ಸುತ್ತಿಕೊಂಡ ಹಾಗೆ ಮುಕ್ಕಾಲು ಸುತ್ತು ಜೋಡಿಸಿ. ಅಲ್ಲಲ್ಲಿ ಅಂಗೈಯಗಲದ ಮರದ ತುಂಡು ಇಡಿ. ಒಂದು ತುದಿಗೆ ಮಾತ್ರ ಹೊತ್ತಿದ ಏಳೆಂಟು ಕೆಂಡ ಹಾಕಿ. ಅದು ಒಂದರಿಂದ ಒಂದಕ್ಕೆ ಹತ್ತಿಕೊಂಡು ಐದಾರು ಗಂಟೆ ಸಲೀಸಾಗಿ ಉರಿಯುತ್ತದೆ. ನಡುವೆ ಒಂದು ತಟ್ಟೆಯಲ್ಲಿ ನೀರು ಇಟ್ಟರೆ ಕಾವು ಏರಿಳಿಯೋದು ಕಮ್ಮಿಯಾಗುತ್ತದೆ. ಇದಕ್ಕೆ ಮುರುಕಲು ಇದ್ದಿಲು ಅಷ್ಟು ಚೆನ್ನಾಗಿ ಬರೋದಿಲ್ಲ, ತುಂಡು ದೊಡ್ಡದು ಚಿಕ್ಕದು ಇರೋದರಿಂದ ಕಾವು ಒಂದೇ ಸಮ ಇರೋದಿಲ್ಲ. ಜೋರು ಉರಿಯಲ್ಲಿ ಸುಡೋದಕ್ಕೆ ಮುರುಕಲು, ಗಂಟೆಗಟ್ಟಲೆ ನಡೆಸೋದಕ್ಕೆ ಬ್ರಿಕೆಟ್.

ಹೀಗೆ ಹತ್ತು ಸಲ ಮಾಡಿದ ಮೇಲೂ ಆಸೆ ಹಾಗೇ ಇದ್ದರೆ, ಜಾಗ ಸಾಲದೆ ಹೋದರೆ, ಉದ್ದಕ್ಕೆ ನಿಲ್ಲೋ ನೀರಿನ ಸ್ಮೋಕರ್ ತಗೊಳ್ಳಿ. ಕೆಳಗೆ ಇದ್ದಿಲು, ನಡುವೆ ನೀರಿನ ಬೋಗುಣಿ, ಮೇಲೆ ಎರಡು ಜಾಲರಿ. ಅದರಷ್ಟು ಸುಲಭವಾಗಿ ಮಾತು ಕೇಳೋ ಇದ್ದಿಲಿನ ಸ್ಮೋಕರ್ ನಾನು ನೋಡಿಲ್ಲ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನಲ್ಲಿ ಇದ್ದೇವೆ. ಮಳೆ ಬಂದರೆ ಇದ್ದಿಲಿನ ಚಿಕ್ಕ ಗ್ರಿಲ್ಲನ್ನು ಒಳಗೆ ಕಿಟಕಿ ಪಕ್ಕ ಇಟ್ಟುಕೊಳ್ಳಬಹುದಾ?

ಉತ್ತರ: ಬೇಡ. ಕಿಟಕಿ ತೆರೆದಿದ್ದರೂ ಬೇಡ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಪರು ಅಂತ ಶುರುವಾಗಿ ಎದ್ದು ಬಾಗಿಲು ತೆಗೆಯೋ ಶಕ್ತಿಯೂ ಉಳಿಯೋದಿಲ್ಲ. ಹೊಗೆ ಕಾಣದೆ, ಬೂದಿ ಮುಚ್ಚಿದ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ಮುಚ್ಚಿದ ಬಾಲ್ಕನಿ, ಕಾರ್ ಶೆಡ್, ಡೇರೆ ಯಾವುದರಲ್ಲೂ ಬೇಡ. ಒಳಗೆ ಮಾಡಲೇಬೇಕು ಅಂದರೆ ಒಳಗೆ ಬಳಸೋದಕ್ಕೆ ಅಂತಲೇ ಮಾಡಿದ ಕರೆಂಟಿನ ಗ್ರಿಲ್ ಸಿಗುತ್ತದೆ. ಹೊಗೆಯ ರುಚಿ ಇರೋದಿಲ್ಲ, ಮೇಲೆ ಚೆನ್ನಾಗಿ ಕೆಂಪಗಾಗುತ್ತದೆ. ಕರೆಂಟಿನ ಸ್ಮೋಕರ್ ಬೇರೆ, ಅದರಲ್ಲಿ ಮರದ ಚೂರು ಸುಡುತ್ತದೆ. ಅದನ್ನು ಹೊರಗೇ ಇಡಬೇಕು.

ಪ್ರಶ್ನೆ: ಕೆಟಲ್‌ನಿಂದ ಮೇಲಕ್ಕೆ ಹೋಗೋ ಯೋಚನೆ. ಪೆಲೆಟ್ ಗ್ರಿಲ್ಲಾ, ಸೆರಾಮಿಕ್ ಕಮಾಡೋನಾ? ಎರಡಕ್ಕೂ ಮನಸ್ಸು ಎಳೆಯುತ್ತಿದೆ.

ಉತ್ತರ: ಬೆಂಕಿ ಜೊತೆ ಇರೋದು ನಿಮಗೆ ಖುಷಿಯಾ, ಇಲ್ಲ ಕೆಲಸವಾ? ಇದನ್ನು ನಿಮ್ಮನ್ನೇ ಕೇಳಿಕೊಳ್ಳಿ.

ಪೆಲೆಟ್ ಗ್ರಿಲ್ಲನ್ನು 1980ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋ ಟ್ರೇಗರ್ ರೂಪಿಸಿದರು. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಒಂದು ತಿರುಪು ಸರಳು ಸಣ್ಣ ಬೆಂಕಿ ಬಟ್ಟಲಿಗೆ ತಳ್ಳುತ್ತಾ ಇರುತ್ತದೆ, ಫ್ಯಾನ್ ಗಾಳಿ ಊದುತ್ತದೆ. 110 ಅಂತ ಒತ್ತಿ ಮಲಗಿದರೆ ಬೆಳಗ್ಗೆವರೆಗೂ ಅದರ ಆಸುಪಾಸಿನಲ್ಲೇ ಇರುತ್ತದೆ. ಮಕ್ಕಳು ಮರಿ ಇರೋ ಮನೆಗೆ, ಕೆಲಸದ ನಡುವೆ ಅಡುಗೆ ಮಾಡೋರಿಗೆ ಅದು ದೊಡ್ಡ ಉಪಕಾರ. ಆದರೆ ಕರೆಂಟ್ ಹೋದರೆ ನಿಂತುಹೋಗುತ್ತದೆ. ಗುಳಿಗೆ ಒದ್ದೆಯಾದರೆ ಉಬ್ಬಿ ಹಿಟ್ಟಾಗಿ ಸರಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಗೆಯ ರುಚಿ ಸೌದೆ ಉರಿಸಿದಷ್ಟು ಗಾಢವಾಗಿ ಬರೋದಿಲ್ಲ, ಜೋರಾಗಿ ಸುಡೋ ಕಾವೂ ಎಲ್ಲದರಲ್ಲೂ ಸಿಗೋದಿಲ್ಲ.

ಕಮಾಡೋ ಅಂದರೆ ಜಪಾನಿ ಭಾಷೆಯಲ್ಲಿ ಒಲೆ. ಇದು ಮೊಟ್ಟೆ ಆಕಾರದ, ಸೆರಾಮಿಕ್ ಗೋಡೆಯ ಇದ್ದಿಲಿನ ಗ್ರಿಲ್. ಗೋಡೆ ದಪ್ಪ ಇರೋದರಿಂದ ಒಂದು ಬುಟ್ಟಿ ಇದ್ದಿಲಿಗೆ ಇಡೀ ರಾತ್ರಿ ಉರಿಯುತ್ತದೆ. 110 ಡಿಗ್ರಿಯಲ್ಲಿ ಹೊಗೆಯೂ ಹಾಕಬಹುದು, 350 ಡಿಗ್ರಿಗೆ ಏರಿಸಿ ರೊಟ್ಟಿ, ಪಿಜ್ಜಾನೂ ಸುಡಬಹುದು. ಕಷ್ಟ ಏನಂದರೆ ಕಾವು ಒಮ್ಮೆ ಮೀರಿದರೆ ಬೇಗ ಇಳಿಯೋದಿಲ್ಲ, ಗೋಡೆಯೆಲ್ಲ ಕಾದಿರುತ್ತದೆ. ಅದಕ್ಕೇ ಬೇಕಾದ ಕಾವಿಗೆ ಇನ್ನೂ 20 ಡಿಗ್ರಿ ಇರುವಾಗಲೇ ಕಿಂಡಿ ಸಣ್ಣ ಮಾಡಬೇಕು. ಜೋರು ಕಾವಿನಲ್ಲಿರುವಾಗ ಮುಚ್ಚಳವನ್ನು ಒಮ್ಮೆಲೇ ತೆಗೆಯಬೇಡಿ. ಗಾಳಿ ನುಗ್ಗಿ ಉರಿ ಮುಖಕ್ಕೇ ಬರುತ್ತದೆ. ಎರಡು ಬೆರಳಷ್ಟು ಎತ್ತಿ, ಸ್ವಲ್ಪ ತಡೆದು, ಆಮೇಲೆ ಪೂರ್ತಿ ತೆಗೆಯಿರಿ. ದೊಡ್ಡ ಅಳತೆಯದು 70 ಕಿಲೋ ದಾಟುತ್ತದೆ, ಬಿದ್ದರೆ ಒಡೆಯುತ್ತದೆ. ಪದೇ ಪದೇ ಮನೆ ಬದಲಿಸೋರಿಗೆ ನಾನು ಹೇಳೋದಿಲ್ಲ.

ನಾನಾದರೆ ಕಮಾಡೋ. ನನಗೆ ಕಿಂಡಿ ತಿರುಗಿಸುತ್ತಾ ಕೂರೋದು ಇಷ್ಟ.

ಪ್ರಶ್ನೆ: ಹಳೇ ಡ್ರಮ್ ಇದೆ. ವೆಲ್ಡಿಂಗ್ ಅಂಗಡಿಯಲ್ಲಿ ಕೊಟ್ಟು ಗ್ರಿಲ್ ಮಾಡಿಸಬಹುದಾ? ಇಲ್ಲ ಯಾರಾದರೂ ಬಳಸಿದ ಗ್ರಿಲ್ ಕೊಳ್ಳೋದು ಮೇಲಾ?

ಉತ್ತರ: ಡ್ರಮ್‌ನಿಂದ ಒಳ್ಳೆ ಸ್ಮೋಕರ್ ಆಗುತ್ತದೆ, ಎರಡು ಷರತ್ತು. ಒಳಗೆ ಮೊದಲು ಏನಿತ್ತು ಅಂತ ಗೊತ್ತಿರಬೇಕು. ಎಣ್ಣೆ, ಕೆಮಿಕಲ್ ಇದ್ದದ್ದು ಬೇಡ, ಅಂಥ ಡ್ರಮ್‌ಗೆ ವೆಲ್ಡಿಂಗ್ ಕಿಡಿ ತಾಗಿದರೆ ಸಿಡಿಯಬಹುದು. ಎರಡನೆಯದು, ಸತುವಿನ ಲೇಪ ಇರೋ ತಗಡು, ಜಾಲರಿ ಎಲ್ಲೂ ಇರಬಾರದು. ಜೋರಾಗಿ ಕಾದರೆ ಸತುವಿನ ಹೊಗೆ ಏಳುತ್ತದೆ, ಅದು ಉಸಿರಿಗೆ ವಿಷ. ಲೇಪ, ಬಣ್ಣ ಇಲ್ಲದ ಬರಿಯ ಉಕ್ಕಿನ ಡ್ರಮ್ ಹುಡುಕಿ, ಮೊದಲ ಸಲ ಅಡುಗೆ ಇಡದೆ ಜೋರು ಬೆಂಕಿ ಹಾಕಿ ಸುಟ್ಟು, ಆಮೇಲೆ ಒಳಗೆಲ್ಲ ಎಣ್ಣೆ ಹಚ್ಚಿ ಮತ್ತೆ ಕಾಯಿಸಿ.

ಬಳಸಿದ ಗ್ರಿಲ್ ನೋಡಲು ಹೋದರೆ ಎರಡು ಹಾಳೆ ಪೇಪರ್ ತಗೊಂಡು ಹೋಗಿ. ಉಂಡೆ ಮಾಡಿ ಒಳಗೆ ಹೊತ್ತಿಸಿ, ಮುಚ್ಚಳ ಹಾಕಿ. ಹೊಗೆ ಎಲ್ಲೆಲ್ಲಿಂದ ಬರುತ್ತದೆ ನೋಡಿ. ಕಿಂಡಿಯಿಂದ ಬಂದರೆ ಸರಿ, ಅಂಚಿನ ಸುತ್ತ ಬಂದರೆ ಮುಚ್ಚಳ ಸೊಟ್ಟಗಾಗಿದೆ. ಕಿಂಡಿಗಳನ್ನು ತಿರುಗಿಸಿ ನೋಡಿ, ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿದ್ದರೆ ವಾಪಸ್ ಬನ್ನಿ. ಬೂದಿ ಬೀಳೋ ತಳವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ಅದು ಮುಗಿದ ಗ್ರಿಲ್. ಬೂದಿಗೆ ನೀರು ಸೇರಿದರೆ ಉಕ್ಕನ್ನು ತಿಂದುಹಾಕುತ್ತದೆ. ಮೇಲೆ ಬಣ್ಣ ಮಾಸಿದ್ದು, ಚಕ್ರ ಕಿತ್ತಿದ್ದು ಇವೆಲ್ಲ ಲೆಕ್ಕಕ್ಕಿಲ್ಲ. ಜಾಲರಿ ಹೊಸದು ಹಾಕಬಹುದು.

ಪ್ರಶ್ನೆ: ಗ್ರಿಲ್ ಜೊತೆಗೆ ಇನ್ನೇನು ಕೊಳ್ಳಬೇಕು? ಇಪ್ಪತ್ತು ಸಾಮಾನಿನ ಪಟ್ಟಿ ಕೊಟ್ಟಿದ್ದಾರೆ.

ಉತ್ತರ: ಎರಡು ಸಾಕು. ಒಂದು, ಇದ್ದಿಲು ಹೊತ್ತಿಸೋ ಚಿಮಣಿ, ಅಂದರೆ ಹಿಡಿ ಇರೋ ತಗಡಿನ ಕೊಳವೆ. ಕೆಳಗೆ ಪೇಪರ್, ಮೇಲೆ ಇದ್ದಿಲು, ಒಂದು ಕಡ್ಡಿ ಗೀರಿದರೆ ಆಯಿತು, ಸೀಮೆಎಣ್ಣೆ ವಾಸನೆ ಊಟಕ್ಕೆ ಬರೋದಿಲ್ಲ. ಇನ್ನೊಂದು, ಮಾಂಸಕ್ಕೆ ಚುಚ್ಚೋ ಡಿಜಿಟಲ್ ಥರ್ಮಾಮೀಟರ್. ಮುಚ್ಚಳದ ಮೇಲಿರೋ ಮುಳ್ಳು ಮುಚ್ಚಳದ ಹತ್ತಿರದ ಬಿಸಿ ಹೇಳುತ್ತದೆ, ಜಾಲರಿಯ ಮಟ್ಟದಲ್ಲಿ ಅದು 20-30 ಡಿಗ್ರಿ ಬೇರೆಯೇ ಇರಬಹುದು. ಕೋಳಿ ಒಳಗೆ 74 ಡಿಗ್ರಿ ಮುಟ್ಟಿದರೆ ತಿನ್ನೋದಕ್ಕೆ ಸುರಕ್ಷಿತ. ಇದನ್ನು ಬಣ್ಣ ನೋಡಿ ಹೇಳೋಕೆ ಆಗೋದಿಲ್ಲ, ಚುಚ್ಚಿಯೇ ನೋಡಬೇಕು. ತಂದ ದಿನವೇ ಕುದಿಯೋ ನೀರಲ್ಲಿ ಅದ್ದಿ ನೋಡಿ, 100ರ ಹತ್ತಿರ ತೋರಿಸಬೇಕು. ನೀವಿರೋ ಜಾಗ ಎತ್ತರದಲ್ಲಿದ್ದರೆ ಎರಡು ಮೂರು ಡಿಗ್ರಿ ಕಮ್ಮಿ ತೋರಿಸುತ್ತದೆ, ಅದು ಕೆಟ್ಟಿದೆ ಅಂತ ಅಲ್ಲ.

ಪಟ್ಟಿಯಲ್ಲಿ ತಂತಿ ಬ್ರಷ್ ಇದ್ದರೆ ಅದನ್ನು ಹೊಡೆದುಹಾಕಿ. ಅದರ ತಂತಿ ಉದುರಿ ಜಾಲರಿಗೆ ಅಂಟಿಕೊಂಡು ತುತ್ತಿನ ಜೊತೆ ಗಂಟಲಿಗೆ ಹೋಗಿ ಆಪರೇಷನ್ ಆದ ಪ್ರಕರಣಗಳಿವೆ. ಜಾಲರಿ ಬಿಸಿ ಇರುವಾಗಲೇ ಫಾಯಿಲ್ ಉಂಡೆಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿ, ಸುಟ್ಟ ಚೂರೆಲ್ಲ ಎದ್ದುಬರುತ್ತದೆ.